ಕಿವಿಗೊಂದು ಸಾಲು, ಕೈಗೊಂದು ಸಾಲು

ವೀಣೆಗೆ ಸ್ವರ ಬರೆಯುವಾಗ ‘ಗ’ ಎಂದರೆ ಸಾಕು. ಯಾವ ಮೆಟ್ಟಿಲಲ್ಲಿ ತಂತಿಯನ್ನು ಎಷ್ಟು ಎಳೆಯಬೇಕೆಂಬುದು ಪಾಠದಲ್ಲೇ ಕೈಗೆ ಹತ್ತಿರುತ್ತದೆ. ಡಿಜಿಟಲ್ ವಾದ್ಯದಲ್ಲಿ ಹಾಗಲ್ಲ. ಸ್ವರವನ್ನು ಏರಿಳಿಸುವ ಬೆಂಡ್ ಚಕ್ರವನ್ನು ಅಷ್ಟೇ ತಿರುಗಿಸಿದರೂ ಒಳಗಿನ ಸೆಟ್ಟಿಂಗ್ ಬದಲಾಗಿದ್ದರೆ ಬೇರೆಯೇ ಸ್ವರ ನುಡಿಯುತ್ತದೆ. ಆದ್ದರಿಂದ ಸ್ವರಲಿಪಿಗೆ ಎರಡು ಸಾಲು ಬೇಕು: ಮೇಲೆ ಕೇಳಬೇಕಾದ ಸ್ವರ, ಕೆಳಗೆ ಕೈ ಮಾಡಬೇಕಾದ ಕೆಲಸ.

ಹಾಳೆಯ ತಲೆಯಲ್ಲಿ ಮೊದಲು ಶ್ರುತಿ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ತಂಬೂರಿಯ ಆಕಾರದಲ್ಲೇ ಮಂದಿರ ಕಟ್ಟಿದ್ದಾರೆ. ಅಂಥ ಊರಿರುವ ಹಾಸನ ಸೀಮೆಯಲ್ಲಿ ಇದರ ಕಾರಣ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಡಿಜಿಟಲ್ ವಾದ್ಯಗಳು ಸ್ವರವನ್ನು ಅಂಕಿಯಲ್ಲಿ ಗುರುತಿಸುವ ಪದ್ಧತಿಗೆ ಮಿಡಿ ಎನ್ನುತ್ತಾರೆ. ‘ಷಡ್ಜ = ಮಿಡಿ 60’ ಎಂದು ಬರೆದಿಟ್ಟರೆ, ಹಾಡುವವರ ಶ್ರುತಿಗೆ ತಕ್ಕಂತೆ ಆ ಅಂಕಿಯೊಂದನ್ನು ಬದಲಿಸಿದರಾಯಿತು.

ಅದರ ಕೆಳಗೆ ಬೆಂಡ್ ವ್ಯಾಪ್ತಿ, ಅಂದರೆ ಚಕ್ರವನ್ನು ಪೂರ್ತಿ ತಿರುಗಿಸಿದರೆ ಸ್ವರ ಎಷ್ಟು ಸರಿಯುತ್ತದೆ ಎಂಬುದು. ಸಾಮಾನ್ಯವಾಗಿ ಇದು ಮೇಲಕ್ಕೆ 2, ಕೆಳಕ್ಕೆ 2 ಸ್ವರಸ್ಥಾನ. ಹಾಗೆ ಬರೆದ ಕಂಪಿತವನ್ನು (ಸ್ವರವನ್ನು ಅಲುಗಿಸುವ ಗಮಕ) 12ಕ್ಕೆ ಇಟ್ಟ ವಾದ್ಯದಲ್ಲಿ ನುಡಿಸಿದರೆ ಆರು ಪಟ್ಟು ಅಗಲವಾಗಿ ರಾಗವೇ ಕೆಡುತ್ತದೆ. ಪೂರ್ಣ 14 ಬಿಟ್ ಕಳಿಸುವ ಚಕ್ರದಲ್ಲಿ ಒಂದು ಬದಿಗೆ 8192 ಹೆಜ್ಜೆಗಳಿರುವುದರಿಂದ ಜಾರು (ಸ್ವರದಿಂದ ಸ್ವರಕ್ಕೆ ಜಾರುವ ಗಮಕ) ನಯವಾಗಿರುತ್ತದೆ. ಬರೀ 7 ಬಿಟ್ ಕಳಿಸುವ ಚಕ್ರದಲ್ಲಿ 64 ಮಾತ್ರ. ವ್ಯಾಪ್ತಿ 12 ಇದ್ದರೆ ಒಂದೊಂದು ಹೆಜ್ಜೆ ಸುಮಾರು 19 ಸೆಂಟ್ (ಸ್ವರಸ್ಥಾನದ ನೂರನೇ ಒಂದು ಭಾಗ ಒಂದು ಸೆಂಟ್). ಕಿವಿಗೆ ಮೆಟ್ಟಿಲು ಇಳಿದಂತೆ ಕೇಳುತ್ತದೆ. ಇನ್ನೊಂದು: ಬೆಂಡ್ ಇಡೀ ಚಾನೆಲ್‌ಗೆ ತಗಲುತ್ತದೆ. ತಂಬೂರಿಯನ್ನೂ ಅದೇ ಚಾನೆಲ್‌ನಲ್ಲಿಟ್ಟರೆ ಗಮಕದ ಜೊತೆ ಶ್ರುತಿಯೂ ಅಲ್ಲಾಡುತ್ತದೆ. ಅದಕ್ಕೆ ಬೇರೆ ಚಾನೆಲ್ ಕೊಡಿ, ಹಾಳೆಯಲ್ಲೂ ನಮೂದಿಸಿ.

ಹೆಚ್ಚು ಜನ ಎಡವುವುದು ನಡೆಯಲ್ಲಿ, ಅಂದರೆ ತಾಳದ ಒಂದು ಅಕ್ಷರವನ್ನು ಎಷ್ಟು ಭಾಗ ಮಾಡುವುದೆಂಬ ಲೆಕ್ಕದಲ್ಲಿ. ಅಕ್ಷರಕ್ಕೆ 480 ಟಿಕ್ (ತಂತ್ರಾಂಶ ಕಾಲ ಎಣಿಸುವ ಚಿಕ್ಕ ಅಳತೆ) ಇಟ್ಟರೆ ಒಂದೊಂದು ಭಾಗಕ್ಕೆ ಚತುರಶ್ರದಲ್ಲಿ (4 ಭಾಗ) 120, ತಿಶ್ರದಲ್ಲಿ (3) 160, ಖಂಡದಲ್ಲಿ (5) 96. ಮಿಶ್ರಕ್ಕೂ (7) ಸಂಕೀರ್ಣಕ್ಕೂ (9) ಮಾತ್ರ ಸರಿಯಾಗಿ ಭಾಗವಾಗದು. ಮಿಶ್ರಕ್ಕೆ 68 ಎಂದು ಇಟ್ಟು ಒಂದರ ಹಿಂದೊಂದು ಅಂಟಿಸುತ್ತ ಹೋದರೆ ಅಕ್ಷರಕ್ಕೆ 4 ಟಿಕ್ ಕಳೆದು, ಎಂಟು ಅಕ್ಷರದ ಆದಿತಾಳದ ಒಂದು ಆವರ್ತಕ್ಕೆ (ಸುತ್ತಿಗೆ) 32 ಟಿಕ್ ಮುಂದೋಡುತ್ತದೆ. ಅಕ್ಷರಕ್ಕೆ ಒಂದು ಸೆಕೆಂಡಿನ ಕಾಲಪ್ರಮಾಣದಲ್ಲಿ ಇದು ಸುಮಾರು 67 ಮಿಲಿಸೆಕೆಂಡ್. ಎರಡನೇ ಆವರ್ತಕ್ಕೇ ಮೃದಂಗದವರಿಗೆ ಗೊತ್ತಾಗಿಬಿಡುತ್ತದೆ. 1260 ಇಡಿ: ಐದೂ ನಡೆಗಳಿಗೆ ಶೇಷವಿಲ್ಲದೆ ಭಾಗವಾಗುತ್ತದೆ. ಕೆಲವು ತಂತ್ರಾಂಶಗಳು ಫೈಲ್ ತೆರೆದೊಡನೆ ತಮ್ಮದೇ ಎಣಿಕೆಗೆ ಬದಲಿಸುವುದುಂಟು. ಆಗ ಪ್ರತಿ ಅಕ್ಷರದ ಮೊದಲ ಸ್ವರವನ್ನು ಅದರ ಜಾಗದಲ್ಲೇ ಗಟ್ಟಿಯಾಗಿ ನಿಲ್ಲಿಸಿ, ಉಳಿದ ಟಿಕ್‌ಗಳನ್ನು ಒಳಗೇ ಹಂಚಬೇಕು.

ತಾರಸ್ಥಾಯಿಯ (ಮೇಲಿನ ಸ್ಥಾಯಿಯ) ಸ್ವರಕ್ಕೆ ಇಡುವ ಚುಕ್ಕಿಯನ್ನು ಅಕ್ಷರದ ಜೊತೆ ಟೈಪ್ ಮಾಡಬೇಡಿ. ಎಷ್ಟೋ ಕನ್ನಡ ಫಾಂಟ್‌ಗಳಲ್ಲಿ ಅದು ತಲಕಟ್ಟಿನ ಮೇಲೆ ಕೂರದೆ ಪಕ್ಕಕ್ಕೆ ಜಾರುತ್ತದೆ; ‘ರಿ’, ‘ನಿ’ಗಳಲ್ಲಿ ಗುಡಿಸಿಗೆ ಅಂಟಿ ಕಾಣಿಸುವುದೇ ಇಲ್ಲ. ಬೇರೆ ಪದರದಲ್ಲಿ ಚುಕ್ಕಿ ಬಿಡಿಸುವುದೇ ವಾಸಿ.

ಹತ್ತು ಇಂಚಿನ ಟ್ಯಾಬ್ಲೆಟ್ ಅಡ್ಡ ಹಿಡಿದರೆ ಆದಿತಾಳದ 32 ಮನೆಗಳು ತಲಾ ಆರು ಮಿಲಿಮೀಟರಿನಷ್ಟು ಅಗಲಕ್ಕೆ ಹಿಡಿಸುತ್ತವೆ. ಉದ್ದ ಹಿಡಿದರೆ ಕೈಯ ಸಾಲಿಗೆ ಜಾಗವಿರದು. ಪುಟ ಮುರಿಯುವುದು ಆವರ್ತ ಮುಗಿದಲ್ಲೇ ಆಗಲಿ. ಎಡುಪು (ತಾಳದಲ್ಲಿ ಹಾಡಿನ ಸಾಲು ಶುರುವಾಗುವ ಜಾಗ) ಒಂದೂವರೆ ಅಕ್ಷರದ ಮೇಲಿದ್ದರೆ ಹಿಂದಿನ ಸಾಲಿನ ಬಾಲವನ್ನು ಮುಂದಿನ ಪುಟದ ಮೇಲೆ ತಿಳಿಯಾಗಿ ಮತ್ತೆ ಬರೆಯಿರಿ.

ಗಮಕಗಳನ್ನು ಬರೀ ಬಣ್ಣದಿಂದ ಬೇರೆ ಮಾಡಬೇಡಿ. ಕಂಪಿತಕ್ಕೆ ಅಲೆಗೆರೆ, ಜಾರಿಗೆ ಓರೆಗೆರೆ. ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆಸಿದರೂ ಅವು ಉಳಿಯುತ್ತವೆ.