ಕಾಫಿ ಕೊಯ್ಲು ಮುಗಿಸಿ ಕಡಮತ್‌ಗೆ, ಒಂದು ಮೀನು ನೋಡಲು

ಕಾಫಿ ಕೊಯ್ಲು ಮುಗಿದು, ಗಿಡ ಹೂ ಬಿಡಿಸುವ ಹೂಮಳೆ ಬರುವ ಮುಂಚೆ ನಮ್ಮ ಮೂಡಿಗೆರೆ ಕಡೆ ಸ್ವಲ್ಪ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲೇ ಮಗಳ ಜೊತೆ ಲಕ್ಷದ್ವೀಪದ ಕಡಮತ್‌ಗೆ ಹೋಗಿ ಬಂದೆ. ಅವಳಿಗೆ ಎಂಪರರ್ ಏಂಜಲ್ ಫಿಶ್ ನೋಡುವ ಆಸೆ.

ಮೊದಲು ಪರ್ಮಿಟ್ ಮಾಡಿಸಿಕೊಳ್ಳಿ. ಅದಿಲ್ಲದೆ ಹೊರಗಿನವರು ದ್ವೀಪಕ್ಕೆ ಹೋಗುವ ಹಾಗಿಲ್ಲ. ಕಾಗದಪತ್ರಕ್ಕೆ ಓಡಾಟ ಜಾಸ್ತಿ, ಎರಡು ತಿಂಗಳು ಮುಂಚೆಯೇ ಶುರು ಮಾಡಿ. ಚಾರ್ಮಾಡಿ ಘಾಟಿ ಇಳಿದು ಮಂಗಳೂರು, ಅಲ್ಲಿಂದ ರೈಲಲ್ಲಿ ಎರ್ನಾಕುಲಂ, ಆಮೇಲೆ ಕೊಚ್ಚಿಯಿಂದ ಹಡಗು. ವಾಂತಿ ಮಾತ್ರೆ ಹಡಗು ಹತ್ತುವ ಮುಂಚೆಯೇ ನುಂಗಿ. ನಾನು ತಲೆ ಸುತ್ತು ಶುರುವಾದ ಮೇಲೆ ನುಂಗಿದೆ, ರಾತ್ರಿಯಿಡೀ ಒದ್ದಾಡಿದೆ.

"ಮಂಗಳೂರಲ್ಲೇ ಸಮುದ್ರ ಇದೆಯಲ್ಲ, ಅಷ್ಟು ದೂರ ಯಾಕೆ?" ಅಂದಿದ್ದರು ಅತ್ತಿಗೆ. ನಮ್ಮ ಬೆಟ್ಟದಲ್ಲಿ ಹುಟ್ಟುವ ನೇತ್ರಾವತಿ ಮಳೆಗಾಲದಲ್ಲಿ ಕೆಂಪು ಮಣ್ಣು ಹೊತ್ತುಕೊಂಡು ಆ ಕಡಲಿಗೇ ಹೋಗುತ್ತದೆ ಅಲ್ವಾ? ಹವಳಕ್ಕೆ ತಿಳಿನೀರು ಬೇಕು, ಈ ಮೀನಿಗೆ ಹವಳದ ದಿಬ್ಬ ಬೇಕು. ಕೆಂಪು ಸಮುದ್ರ, ಪೂರ್ವ ಆಫ್ರಿಕಾದಿಂದ ಹಿಡಿದು ಲಕ್ಷದ್ವೀಪ, ಮಾಲ್ಡೀವ್ಸ್, ಅಂಡಮಾನ್, ಇಂಡೋನೇಷ್ಯಾ ದಾಟಿ ದಕ್ಷಿಣ ಜಪಾನ್‌ವರೆಗೂ ಇದು ಸಿಗುತ್ತದೆ.

ದೊಡ್ಡ ಮೀನು ಸುಮಾರು 40 ಸೆಂಟಿಮೀಟರ್ ಬೆಳೆಯುತ್ತದೆ. ನೀಲಿ ಮೈ, ಅದರ ಮೇಲೆ ಅರಿಶಿನ ಬಣ್ಣದ ಉದ್ದುದ್ದ ಗೆರೆ, ಕಣ್ಣಿಗೆ ಕಪ್ಪು ಪಟ್ಟಿ, ಹಳದಿ ಬಾಲ. ಮರಿಯ ರೂಪವೇ ಬೇರೆ. ಕಡುನೀಲಿ ಮೈ, ಅದರಲ್ಲಿ ಬಿಳಿ ಮತ್ತು ತಿಳಿನೀಲಿ ಸುತ್ತುಗಳು. ಕೆರೆಗೆ ಕಲ್ಲು ಹಾಕಿದಾಗ ಅಲೆ ಏಳುತ್ತದಲ್ಲ, ಹಾಗೆ ಬಾಲದ ಹತ್ತಿರದಿಂದ ಉಂಗುರ ಉಂಗುರವಾಗಿ ಹರಡಿರುತ್ತವೆ. ಹಿಂದೆ ಇವೆರಡನ್ನೂ ಬೇರೆ ಬೇರೆ ಜಾತಿ ಅಂತಲೇ ತಿಳಿದಿದ್ದರಂತೆ. ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಹೋಗುವ ಮುಂಚೆ ಎರಡರ ಚಿತ್ರವನ್ನೂ ನೋಡಿಕೊಳ್ಳಿ, ಇಲ್ಲದಿದ್ದರೆ ಮರಿ ಎದುರಿಗೇ ಬಂದರೂ ಗೊತ್ತಾಗುವುದಿಲ್ಲ.

ಮೀನು ನೋಡಲು ನೀರಿಗಿಳಿಯುವಾಗ ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್ ಹಾಕಬೇಕು; ಕನ್ನಡಕ ಹಾಕುವವರು ಪವರ್ ಇರುವ ಮಾಸ್ಕ್ ಇದೆಯಾ ಅಂತ ಮೊದಲೇ ಕೇಳಿ. ಮೊದಲ ದಿನ ನನಗದು ಸಿಗಲಿಲ್ಲ. ಬಣ್ಣ ಕಂಡಿತು, ಗೆರೆ ಕಾಣಲಿಲ್ಲ. ಎರಡನೇ ದಿನ ಸಿಕ್ಕಿತು, ಸದ್ಯ.

ಮರಿ ಕಂಡದ್ದು ಮಗಳಿಗೆ, ಹವಳದ ಚಾಚಿನ ಅಡಿಯ ನೆರಳಿನಲ್ಲಿ. ಅವು ಅಂಥ ಸಂದಿಗಳಲ್ಲೇ ಇರುವುದು, ಬಯಲಲ್ಲಿ ಸುಮ್ನೆ ಹುಡುಕಬೇಡಿ. ಹವಳದ ಮೇಲೆ ಕಾಲಿಡಬೇಡಿ, ಮುರಿಯಬೇಡಿ. ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಚೂರು ತಂದರೂ ಅಪರಾಧ. ನಾವು ಕೈ ಕಟ್ಟಿಕೊಂಡು ಅಲ್ಲಾಡದೆ ತೇಲುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಮರಿ ತಾನಾಗಿ ಹೊರಗೆ ಬಂತು.