ಹೊಳೆಯ ಸದ್ದು ಕೇಳುತ್ತಾ

ಸಂಜೆ ಹರಿಹರದಲ್ಲಿ ತುಂಗಭದ್ರೆಯ ದಂಡೆ ಮೇಲೆ ಸುಮ್ನೆ ಕೂತಿದ್ದೆ. ಸೇತುವೆ ಮೇಲೆ ಲಾರಿಗಳ ಸದ್ದು. ಯಾಕೋ ಗಂಗಾ ನದಿಯ ಡಾಲ್ಫಿನ್ ನೆನಪಾಯಿತು. ಅದಕ್ಕೆ ಕಣ್ಣು ಕಾಣುವುದಿಲ್ಲ ಅಂತಲೇ ಹೇಳಬಹುದು. ಕ್ಲಿಕ್ ಕ್ಲಿಕ್ ಅಂತ ಸದ್ದು ಮಾಡಿ, ತಿರುಗಿ ಬರುವ ದನಿಯಿಂದಲೇ ಮೀನು ಹುಡುಕುತ್ತದೆ. ಉಸಿರಿಗೆ ಮೇಲೆ ಬರುವುದು ಒಂದೆರಡು ಕ್ಷಣ ಅಷ್ಟೇ. ಕಣ್ಣಲ್ಲೇ ಎಣಿಸಿದರೆ ತಪ್ಪಿಹೋಗುವುದೇ ಜಾಸ್ತಿ, ಅಲ್ವಾ? ಅದಕ್ಕೇ ಎಣಿಸುವವರು ನೀರಿಗೆ ಹೈಡ್ರೋಫೋನ್, ಅಂದರೆ ನೀರೊಳಗಿನ ಸದ್ದು ಹಿಡಿಯುವ ಮೈಕ್, ಇಳಿಬಿಟ್ಟು ಕೇಳಿಸಿಕೊಳ್ಳುತ್ತಾರೆ. ಕದಡಿದ ನೀರಿರಲಿ, ರಾತ್ರಿಯಿರಲಿ, ಕ್ಲಿಕ್ ಸಿಕ್ಕರೆ ಸಾಕು.

2025ರ ಮಾರ್ಚ್‌ನಲ್ಲಿ ಬಂದ ಅಂದಾಜಿನಂತೆ ದೇಶದಲ್ಲಿ 6,327 ನದಿ ಡಾಲ್ಫಿನ್‌ಗಳಿವೆ. ಅದರಲ್ಲಿ ಸಿಂಧೂ ಡಾಲ್ಫಿನ್ ಬರೀ 3, ಬಿಯಾಸ್ ನದಿಯಲ್ಲಿ. ಆ ಮೂರು ಮನಸ್ಸಿನಿಂದ ಹೋಗುತ್ತಿಲ್ಲ. ಮೋಟಾರು ದೋಣಿಗಳ ಗದ್ದಲದಲ್ಲಿ ಅವುಗಳ ದನಿ ಮುಳುಗದಿರಲಿ.