ಮಾಯಾಮಾಳವಗೌಳಕ್ಕೆ ಕೀ ಸಿಗ್ನೇಚರ್ ಬರೆಯುವುದು

ಸರಳೆ ವರಸೆಯ ಮೊದಲ ಪಾಠದ ರಾಗವೇ ಸ್ಟಾಫ್ ನೊಟೇಶನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಸಾಫ್ಟ್‌ವೇರ್‌ಗಳ ಕೀ ಸಿಗ್ನೇಚರ್ ಸಿದ್ಧ ಪಟ್ಟಿಯಲ್ಲಿ ಇರುವುದಿಲ್ಲ. ಯಾವ ಸ್ವರಗಳನ್ನು ಏರಿಸಿ ಇಲ್ಲವೇ ಇಳಿಸಿ ಓದಬೇಕೆಂದು ಸಾಲಿನ ಆರಂಭದಲ್ಲೇ ಹೇಳುವ ಚಿಹ್ನೆಗಳೇ ಕೀ ಸಿಗ್ನೇಚರ್. ಷಡ್ಜವನ್ನು ಸಿ ಎಂದಿಟ್ಟುಕೊಂಡರೆ ಮಾಯಾಮಾಳವಗೌಳಕ್ಕೆ ಬೇಕಾದದ್ದು ಡಿ ಫ್ಲ್ಯಾಟ್, ಎ ಫ್ಲ್ಯಾಟ್ (ಅರ್ಧ ಸ್ವರ ಇಳಿಸಿದ ಡಿ, ಎ) ಎರಡೇ. ಪಾಶ್ಚಾತ್ಯ ಪದ್ಧತಿಯಲ್ಲಿ ಫ್ಲ್ಯಾಟ್‌ಗಳು ಬಿ, ಇ, ಎ, ಡಿ ಎಂಬ ಕ್ರಮದಲ್ಲೇ ಸೇರುವುದರಿಂದ ಮೊದಲೆರಡನ್ನು ಬಿಟ್ಟು ಮುಂದಿನೆರಡನ್ನು ಹಾಕುವ ದಾರಿ ಅಲ್ಲಿಲ್ಲ. ಕರ್ನಾಟಕ ಸಂಗೀತದ 72 ಮೇಳಗಳಲ್ಲಿ (ಮೂಲ ರಾಗಗಳಲ್ಲಿ) ಈ ಸಿದ್ಧ ಪಟ್ಟಿಗೆ ಸಿಗುವುದು ಆರೇ: ಶಂಕರಾಭರಣ, ಕಲ್ಯಾಣಿ, ಹರಿಕಾಂಭೋಜಿ, ಖರಹರಪ್ರಿಯ, ನಟಭೈರವಿ, ತೋಡಿ. ಉಳಿದ 66ಕ್ಕೂ ನಾವೇ ಮಾಡಿಕೊಳ್ಳಬೇಕು.

ಮ್ಯೂಸ್‌ಸ್ಕೋರ್ ಎಂಬ ಸ್ವರಲಿಪಿ ಸಾಫ್ಟ್‌ವೇರ್‌ನಲ್ಲಿ ಶಿಫ್ಟ್ ಮತ್ತು ಎಫ್9 ಒತ್ತಿದರೆ ಮಾಸ್ಟರ್ ಪ್ಯಾಲೆಟ್ ತೆರೆಯುತ್ತದೆ. ಕೀ ಸಿಗ್ನೇಚರ್ ವಿಭಾಗದಲ್ಲಿ ಹೊಸದನ್ನು ರಚಿಸುವ ಜಾಗವಿದೆ. ಅಲ್ಲಿನ ಖಾಲಿ ಸ್ಟಾಫ್ ಮೇಲೆ ಒಂದು ಫ್ಲ್ಯಾಟನ್ನು ಕೆಳಗಿನಿಂದ ಎರಡನೇ ಮನೆಗೆ, ಅಂದರೆ ಗೆರೆಗಳ ನಡುವಿನ ಜಾಗಕ್ಕೆ (ಎ), ಇನ್ನೊಂದನ್ನು ನಾಲ್ಕನೇ ಗೆರೆಗೆ (ಡಿ) ಎಳೆದುಬಿಡಿ. ಒಂದು ಗೆರೆ ಆಚೀಚೆಯಾದರೆ ಬೇರೆಯೇ ಸ್ವರ ಕೋಮಲವಾಗುತ್ತದೆ, ಆದ್ದರಿಂದ ದೊಡ್ಡದಾಗಿಸಿ ನೋಡಿ. ಪಟ್ಟಿಗೆ ಸೇರಿಸಿ, ಮೊದಲ ಬಾರ್ ಮೇಲೆ ಬಿಟ್ಟರೆ ಆಯಿತು. ಇದನ್ನು ಸ್ವರ ಬರೆಯುವ ಮೊದಲೇ ಮಾಡಬೇಕು. ಬರೆದ ಮೇಲೆ ಹಾಕಿದರೆ ಸಾಫ್ಟ್‌ವೇರ್ ಹಳೆಯ ನಾದವನ್ನೇ ಉಳಿಸಿಕೊಂಡು ರಿಷಭ, ಧೈವತಗಳ ಮುಂದೆ ನ್ಯಾಚುರಲ್ ಚಿಹ್ನೆ (ಫ್ಲ್ಯಾಟನ್ನು ರದ್ದು ಮಾಡುವ ಗುರುತು) ಅಂಟಿಸುತ್ತದೆ. ನಂತರ ಒಂದು ಆರೋಹಣ ಅವರೋಹಣ ಬರೆದು ನುಡಿಸಿ ಕೇಳಿ. ಕಣ್ಣಿಗೆ ಸರಿ ಕಂಡದ್ದು ಕಿವಿಗೂ ಸರಿಯಿದೆಯೇ ಎಂದು ಆಗಲೇ ತಿಳಿಯಲಿ.

ಸ್ವರಗಳನ್ನು ಅಕ್ಷರಗಳಲ್ಲಿ ಟೈಪ್ ಮಾಡಿ ಮುದ್ರಿಸುವ ಲಿಲಿಪಾಂಡ್ ಸಾಫ್ಟ್‌ವೇರ್ ಬಳಸುವವರಿಗೆ ಇದಕ್ಕಿಂತ ಅಚ್ಚುಕಟ್ಟಾದ ದಾರಿ ಇದೆ: ಮೇಜರ್, ಮೈನರ್ ಇದ್ದಂತೆ ರಾಗದ ಹೆಸರಿನಲ್ಲೇ ಒಂದು ಸ್ಕೇಲ್ ಕಟ್ಟಿಕೊಳ್ಳುವುದು. ಸೊನ್ನೆಯಿಂದ (ಷಡ್ಜ) ಆರರವರೆಗೆ (ನಿಷಾದ) ಏಳು ಜೋಡಿಗಳು; ಪ್ರತಿ ಜೋಡಿಯಲ್ಲಿ ಸ್ವರದ ಸಂಖ್ಯೆ ಮತ್ತು ಅದರ ಚಿಹ್ನೆ. ಮಾಯಾಮಾಳವಗೌಳದಲ್ಲಿ 1 ಮತ್ತು 5ಕ್ಕೆ ಫ್ಲ್ಯಾಟ್, ಉಳಿದವಕ್ಕೆ ನ್ಯಾಚುರಲ್. ಪಟ್ಟಿಯ ಮುಂದೆ ಬ್ಯಾಕ್‌ಕೋಟ್ (`) ಹಾಕಬೇಕು; ಸಾಮಾನ್ಯ ಕೋಟ್ ಹಾಕಿದರೆ ಒಳಗಿನ ಅಲ್ಪವಿರಾಮ ಕೆಲಸ ಮಾಡದೆ ದೋಷ ಬರುತ್ತದೆ. ಒಮ್ಮೆ ಕಟ್ಟಿದರೆ ಷಡ್ಜವನ್ನು ಡಿಗೆ ಏರಿಸಿದಾಗ ಬಿ, ಇ ಫ್ಲ್ಯಾಟ್ ಹಾಗೂ ಎಫ್, ಸಿ ಶಾರ್ಪ್ (ಅರ್ಧ ಸ್ವರ ಏರಿಸಿದವು) ತಾವಾಗಿಯೇ ಬರುತ್ತವೆ. ಒಂದು ಎಚ್ಚರ: ಇಲ್ಲಿ ಕೀ ಸಿಗ್ನೇಚರ್ ಬರೀ ಮುದ್ರಣಕ್ಕೆ. ಶುದ್ಧ ರಿಷಭಕ್ಕೆ ಡಿ ಎಂದು ಟೈಪ್ ಮಾಡಿದರೆ ಅದಕ್ಕಿಂತ ಅರ್ಧ ಸ್ವರ ಮೇಲಿನ ಚತುಃಶ್ರುತಿ ರಿಷಭವೇ ಕೇಳಿಸುತ್ತದೆ. ಪ್ರತಿ ಸಲವೂ ಡೆಸ್ (des, ಅಂದರೆ ಡಿ ಫ್ಲ್ಯಾಟ್) ಎಂದೇ ಬರೆಯಬೇಕು.

ವಿವಾದಿ ಮೇಳಗಳಲ್ಲಿ (ಷಟ್‌ಶ್ರುತಿ ರಿಷಭ, ಶುದ್ಧ ಗಾಂಧಾರದಂಥ ಸ್ವರಗಳಿರುವ ಮೇಳಗಳಲ್ಲಿ) ಜನ ಹೆಚ್ಚಾಗಿ ಎಡವುತ್ತಾರೆ. ಚಲನಾಟದ ಷಟ್‌ಶ್ರುತಿ ರಿಷಭ ಕೀಬೋರ್ಡ್‌ನಲ್ಲಿ ಇ ಫ್ಲ್ಯಾಟ್ ಕೀಲಿಯೇ ಆದರೂ ಬರೆಯುವುದು ಡಿ ಶಾರ್ಪ್ ಎಂದೇ. ಇ ಅಕ್ಷರ ಗಾಂಧಾರಕ್ಕೆ ಮೀಸಲು. ಏಳು ಸ್ವರಕ್ಕೆ ಏಳು ಅಕ್ಷರ ಎಂಬ ಲೆಕ್ಕ ತಪ್ಪಿದರೆ ಒಂದೇ ಗೆರೆಯ ಮೇಲೆ ಫ್ಲ್ಯಾಟ್, ನ್ಯಾಚುರಲ್ ಜಗಳಕ್ಕೆ ಬೀಳುತ್ತವೆ. ಹಾಗಾಗಿ ಚಲನಾಟಕ್ಕೆ ಡಿ ಶಾರ್ಪ್, ಎ ಶಾರ್ಪ್. ಕನಕಾಂಗಿಗೆ ಡಿ, ಎ ಫ್ಲ್ಯಾಟ್ ಜೊತೆಗೆ ಇ, ಬಿ ಡಬಲ್ ಫ್ಲ್ಯಾಟ್.

ಮೇಳಗಳಿಂದ ಹುಟ್ಟಿದ ಜನ್ಯ ರಾಗಗಳಲ್ಲಿ ಸ್ವಲ್ಪ ಜಾಣತನ ನಡೆಯುತ್ತದೆ. ಆಭೋಗಿಗೆ ಇ ಫ್ಲ್ಯಾಟ್ ಒಂದೇ ಸಾಕು, ಆದರೆ ನಿಷಾದವೇ ಬರದ ರಾಗದಲ್ಲಿ ಬಿ ಫ್ಲ್ಯಾಟ್ ಇದ್ದರೇನು ನಷ್ಟ? ಖರಹರಪ್ರಿಯದ ಎರಡು ಫ್ಲ್ಯಾಟ್‌ಗಳನ್ನೇ ಹಾಕಿದರೆ ಓದುಗನ ಕಣ್ಣಿಗೆ ಪರಿಚಿತ. ಕಾಂಭೋಜಿಗೆ ಹರಿಕಾಂಭೋಜಿಯ ಬಿ ಫ್ಲ್ಯಾಟ್ ಇರಲಿ. ಅನ್ಯಸ್ವರವಾದ (ಮೂಲ ಮೇಳದಲ್ಲಿಲ್ಲದ) ಕಾಕಲಿ ನಿಷಾದಕ್ಕೆ ಆಯಾ ಜಾಗದಲ್ಲಿ ನ್ಯಾಚುರಲ್ ಹಾಕಿದರೆ ಸರಿ.

ವಾದ್ಯಗಾರರ ಅಭ್ಯಾಸವೂ ಒಂದು ತೊಡಕೇ. ಎರಡು ಫ್ಲ್ಯಾಟ್ ಕಂಡೊಡನೆ ಪಾಶ್ಚಾತ್ಯ ಪಿಟೀಲುಗಾರನ ಬೆರಳು ಬಿ, ಇ ಎಂದೇ ಇಳಿಯುತ್ತದೆ, ಅವು ಯಾವ ಗೆರೆಯ ಮೇಲಿವೆ ಎಂದು ನೋಡುವುದಿಲ್ಲ. ಮೊದಲ ಸಾಲಿನ ಮೇಲೆ ರಾಗದ ಹೆಸರು ಬರೆದು, ಮೊದಲ ಎರಡು ಮೂರು ಬಾರ್‌ಗಳಲ್ಲಿ ರಿಷಭ, ಧೈವತಗಳ ಮುಂದೆ ಆವರಣದೊಳಗೆ ಫ್ಲ್ಯಾಟನ್ನು ಮತ್ತೆ ತೋರಿಸಿ. ಮಿಶ್ರ ಸಿಗ್ನೇಚರ್‌ನಲ್ಲಿ, ಉದಾಹರಣೆಗೆ ಹೇಮವತಿಯಲ್ಲಿ, ಫ್ಲ್ಯಾಟ್‌ಗಳು ಮೊದಲು, ಎಫ್ ಶಾರ್ಪ್ ಕೊನೆಗೆ ಇದ್ದರೆ ಓದಲು ಸುಲಭ.

ಇನ್ನೊಬ್ಬರಿಗೆ ಕಳಿಸುವಾಗ ಮ್ಯೂಸಿಕ್‌ಎಕ್ಸ್‌ಎಂಎಲ್ (ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ಸ್ವರಲಿಪಿ ಸಾಗಿಸುವ ಫೈಲ್) ಜೊತೆ ಪಿಡಿಎಫ್ ಕೂಡ ಇರಲಿ. ಆ ಫೈಲ್ ಮಾದರಿಯಲ್ಲಿ ಇಂಥ ಸಿಗ್ನೇಚರ್‌ಗೆ ಕೀ-ಸ್ಟೆಪ್, ಕೀ-ಆಲ್ಟರ್ ಎಂಬ ವ್ಯವಸ್ಥೆ ಇದೆ, ಆದರೆ ತೆರೆಯುವ ತಂತ್ರಾಂಶ ಅದನ್ನು ಓದದಿದ್ದರೆ ಸಿಗ್ನೇಚರ್ ಮಾಯವಾಗಿರುತ್ತದೆ.